ಮಾನ್ಯ ಶಾಸಕರಿಗೆ: ಮೂವರು ಸಚಿವರಿಗೂ ಒಂದೇ ಪ್ರಶ್ನೆ ಕೇಳಿ

ಕರ್ನಾಟಕ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ, ಪಕ್ಷಭೇದವಿಲ್ಲದೆ, ವಂದನೆಗಳು.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈಶಾನ್ಯ ಪದವೀಧರ ಕ್ಷೇತ್ರದ ಮತದಾರನೂ ಹೌದು. ಸದನದಲ್ಲಿ ನೀವು ಕೇಳುವ ಪ್ರಶ್ನೆಗಳನ್ನೂ ಅವಕ್ಕೆ ಸಚಿವರು ಕೊಡುವ ಲಿಖಿತ ಉತ್ತರಗಳನ್ನೂ ಬಿಡುವಿದ್ದಾಗಲೆಲ್ಲ ಓದುತ್ತೇನೆ. ಟಿವಿಯಲ್ಲಿ ಕಾಣುವ ಗದ್ದಲಕ್ಕಿಂತ ಈ ಕಾಗದಗಳಲ್ಲಿ ರಾಜ್ಯದ ಆಡಳಿತ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಶಿಕ್ಷಣ, ಹಣಕಾಸು ಮತ್ತು ಪರಿಸರ ಈ ಮೂರು ಖಾತೆಗಳ ಪ್ರಶ್ನೋತ್ತರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಕಂಡ ಒಂದು ಸಂಗತಿಯನ್ನು ನಿಮ್ಮ ಮುಂದಿಡುವುದಕ್ಕಾಗಿ ಈ ಪತ್ರ.

ಆ ಉತ್ತರ ಪತ್ರಿಕೆಯ ರೂಪ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಡಗಡೆ ಅ, ಆ, ಇ, ಈ ಎಂದು ವಿಂಗಡಿಸಿದ ಪ್ರಶ್ನೆ, ಬಲಗಡೆ ಉತ್ತರ. ‘ಶಾಲೆಯಲ್ಲಿ ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ‘ಅ’ ಭಾಗ ಕೇಳಿದರೆ ಎದುರಿಗೆ ‘ಬಂದಿದೆ’ ಎಂದಿರುತ್ತದೆ. ‘ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?’ ಎಂಬ ‘ಆ’ ಭಾಗಕ್ಕೆ ‘ಅತಿಥಿ ಶಿಕ್ಷಕರನ್ನು ನೇಮಿಸಿಕೊಂಡು ಬೋಧನಾ ಕಾರ್ಯಕ್ಕೆ ತೊಂದರೆಯಾಗದಂತೆ ಕ್ರಮ ವಹಿಸಲಾಗಿದೆ’ ಎಂಬ ಉತ್ತರ. ಕಾಯಂ ನೇಮಕಾತಿ ಯಾವಾಗ ಎಂಬ ‘ಇ’ ಭಾಗಕ್ಕೆ ‘ಆರ್ಥಿಕ ಇಲಾಖೆಯ ಸಹಮತಿ ಪಡೆದು’ ಅಥವಾ ‘ಅನುದಾನದ ಲಭ್ಯತೆಗನುಗುಣವಾಗಿ’. ಕೊನೆಯ ಭಾಗಕ್ಕೆ ಬಹಳ ಸಲ ಒಂದೇ ಪದ: ‘ಉದ್ಭವಿಸುವುದಿಲ್ಲ’. ಅಲ್ಲಿಗೆ ಉತ್ತರ ಮುಗಿಯಿತು, ಸದನದ ಮೇಲೆ ಮಂಡನೆಯಾಯಿತು, ನೀವೂ ಮುಂದಿನ ವಿಷಯಕ್ಕೆ ಹೋದಿರಿ.

ಇದರಲ್ಲಿ ಸುಳ್ಳೇನೂ ಇಲ್ಲ, ತೊಡಕು ಇರುವುದೇ ಅಲ್ಲಿ. ಶಿಕ್ಷಣ ಸಚಿವರು ಆರ್ಥಿಕ ಇಲಾಖೆಯ ಕಡೆ ಕೈ ತೋರಿಸುತ್ತಾರೆ. ಹಣಕಾಸು ಖಾತೆಗೆ ಅದೇ ಪ್ರಶ್ನೆ ಹೋದರೆ ‘ಸಂಬಂಧಿಸಿದ ಇಲಾಖೆಯಿಂದ ಪ್ರಸ್ತಾವನೆ ಸ್ವೀಕೃತವಾದಲ್ಲಿ ಪರಿಶೀಲಿಸಲಾಗುವುದು’ ಎನ್ನುತ್ತದೆ. ಪರಿಸರದ ಪ್ರಶ್ನೆಯಾದರೆ ಅದು ಅರಣ್ಯ, ಗಣಿ, ಇಂಧನ, ಕಂದಾಯ ಇಲಾಖೆಗಳ ನಡುವೆ ಅಲೆದಾಡಿ, ಕೊನೆಗೆ ‘ಕೇಂದ್ರ ಸರ್ಕಾರದ ಪರಿಶೀಲನೆಯಲ್ಲಿದೆ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬ ಸಚಿವರ ಉತ್ತರವನ್ನು ಇನ್ನೊಬ್ಬ ಸಚಿವರ ಮುಂದಿಟ್ಟು ‘ಇದಕ್ಕೆ ನೀವೇನು ಹೇಳುತ್ತೀರಿ?’ ಎಂದು ಕೇಳುವ ಶಾಸಕರು ಅಪರೂಪ. ನನ್ನ ಮನವಿ ಇರುವುದು ಇಷ್ಟೇ: ಹಾಗೆ ಕೇಳಿ.

ಮೊದಲಿಗೆ ಶಿಕ್ಷಣ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಖಾಸಗಿ ಶಾಲೆಯ ಶೇ 25ರ ಸೀಟು. ಅದೇ ಕಾಯ್ದೆಯ 26ನೇ ಸೆಕ್ಷನ್ನನ್ನು ಸದನದಲ್ಲಿ ಎತ್ತುವವರು ಕಡಿಮೆ. ಸರ್ಕಾರಿ ಶಾಲೆಯೊಂದರಲ್ಲಿ ಖಾಲಿ ಇರುವ ಶಿಕ್ಷಕ ಹುದ್ದೆಗಳು ಮಂಜೂರಾದ ಹುದ್ದೆಗಳ ಶೇ 10ನ್ನು ಮೀರದಂತೆ ನೋಡಿಕೊಳ್ಳಬೇಕು ಎಂದು ಅದು ನೇಮಕಾತಿ ಪ್ರಾಧಿಕಾರಕ್ಕೆ ಕಟ್ಟಳೆ ಹಾಕಿದೆ. ಈ ಲೆಕ್ಕ ಇರುವುದು ಜಿಲ್ಲೆಗಲ್ಲ, ರಾಜ್ಯಕ್ಕಲ್ಲ, ಒಂದೊಂದು ಶಾಲೆಗೆ. ರಾಜ್ಯದ ಸರಾಸರಿಯನ್ನು ಓದಿ ಸಚಿವರು ಕುಳಿತುಕೊಂಡರೆ ಕಾಯ್ದೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಬೆಂಗಳೂರು ದಕ್ಷಿಣದ ಶಾಲೆಯೊಂದರಲ್ಲಿ ಹುದ್ದೆ ಭರ್ತಿಯಾಗಿದ್ದರೆ ದೇವದುರ್ಗದ ಶಾಲೆಯ ಖಾಲಿ ಕುರ್ಚಿ ತುಂಬುತ್ತದೆಯೇ?

ಪದವೀಧರ ಪ್ರಾಥಮಿಕ ಶಿಕ್ಷಕರ 15,000 ಹುದ್ದೆಗಳಿಗೆ ಅರ್ಜಿ ಕರೆದದ್ದು 2022ರಲ್ಲಿ. ಆ ನಂತರ ಪರಿಶಿಷ್ಟ ಜಾತಿಗಳ ಒಳಮೀಸಲಾತಿಯ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಹೊರಡಿಸುವುದು ನಿಂತಿತು. ತಡೆಗೆ ಕಾರಣ ನ್ಯಾಯವಾದದ್ದೇ. ಕಲ್ಯಾಣ ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಶಿಕ್ಷಕರನ್ನು ನೇಮಿಸಲಾಗುವುದು ಎಂದು 2025ರ ಬಜೆಟ್ ಭಾಷಣದಲ್ಲಿ ಹೇಳಿದ್ದನ್ನು ನಮ್ಮ ಕಡೆಯ ಡಿ.ಎಡ್., ಬಿ.ಎಡ್. ಮುಗಿಸಿದ ಹುಡುಗ ಹುಡುಗಿಯರು ಬಾಯಿಪಾಠ ಮಾಡಿಕೊಂಡಿದ್ದಾರೆ. ಈ ನಡುವೆ ಶಾಲೆ ನಡೆಸುತ್ತಿರುವವರು ಅತಿಥಿ ಶಿಕ್ಷಕರು. ಅದೇ ಬಜೆಟ್ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಹೆಚ್ಚಿಸಿತು. ಅದೇ ಅಧಿವೇಶನದ ಕೊನೆಯ ದಿನ, 2025ರ ಮಾರ್ಚ್ 21ರಂದು, ಗದ್ದಲದ ನಡುವೆಯೇ ಶಾಸಕರ ವೇತನವನ್ನು 40,000ದಿಂದ 80,000 ರೂಪಾಯಿಗೆ ಏರಿಸುವ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ನಿಮ್ಮ ಸಂಬಳದ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಆ ಕಡತಕ್ಕೆ ಆರ್ಥಿಕ ಇಲಾಖೆಯ ಸಹಮತಿ ಎಷ್ಟು ದಿನದಲ್ಲಿ ಸಿಕ್ಕಿತು ಎಂಬ ಕುತೂಹಲವಂತೂ ಇದೆ.

ಅದರ ಮುಂದಿನ 27ನೇ ಸೆಕ್ಷನ್ನನ್ನೂ ನೋಡಿ. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ, ಈ ಮೂರನ್ನು ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ಕಳುಹಿಸುವಂತಿಲ್ಲ. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳುಹಿಸಿ, ಅದು ಮುಗಿಯದಿದ್ದಾಗ ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬ ವಾದ ಇಲ್ಲಿಯದಲ್ಲ. ಬೇಕು ಎನ್ನುವವರಲ್ಲಿ ನಾನೂ ಒಬ್ಬ. ಹಿಂದುಳಿದ ವರ್ಗದ ಮಕ್ಕಳ ಸ್ಥಿತಿ ತಿಳಿಯಲು ಆ ಮಕ್ಕಳ ತರಗತಿಯನ್ನೇ ಮುಚ್ಚಿದ್ದು ಯಾವ ಸೆಕ್ಷನ್ನಿನ ಅಡಿಯಲ್ಲಿ, ತಪ್ಪಿಹೋದ ಪಾಠದ ದಿನಗಳನ್ನು ಹೇಗೆ ತುಂಬಿಕೊಡಲಾಯಿತು ಎಂದು ಕೇಳಬೇಕಿತ್ತು. ಅದೇ ತಿಂಗಳು ಎಸ್ಸೆಸ್ಸೆಲ್ಸಿ ಉತ್ತೀರ್ಣಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವ ಘೋಷಣೆ ಬಂತು. ಪಾಠ ಕಡಿಮೆಯಾದಷ್ಟೂ ಪಾಸಾಗುವುದು ಸುಲಭವಾಗುವ ಈ ಏರ್ಪಾಡನ್ನು ಮಕ್ಕಳು ಬೇಡ ಎನ್ನಲಾರರು. ನೀವಾದರೂ ಅನ್ನಬೇಕಿತ್ತು.

ಇನ್ನು ಹಣಕಾಸು. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ ತಮ್ಮ ಹದಿನಾರನೇ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 1,16,000 ಕೋಟಿ ಸಾಲ. ರಾಜಸ್ವ ಕೊರತೆ 19,262 ಕೋಟಿ. ಗ್ಯಾರಂಟಿ ಯೋಜನೆಗಳಿಗೆ 51,034 ಕೋಟಿ. ಶಿಕ್ಷಣಕ್ಕೆ 45,286 ಕೋಟಿ. ರಾಜ್ಯದ ಒಟ್ಟು ಹೊಣೆಗಾರಿಕೆ, ಅಂದರೆ ತೀರಿಸಬೇಕಾದ ಸಾಲ, ಆಂತರಿಕ ಉತ್ಪನ್ನದ ಶೇ 24.91 ಎಂದು ಆ ಬಜೆಟ್ ಹೇಳಿತು. ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ಶೇ 25. ದೇಶದಲ್ಲಿ ಇಂಥ ಕಾಯ್ದೆಯನ್ನು ಎಲ್ಲರಿಗಿಂತ ಮೊದಲು, 2002ರಲ್ಲಿ, ಮಾಡಿಕೊಂಡ ರಾಜ್ಯ ನಮ್ಮದು ಎಂಬ ಹೆಮ್ಮೆ ಇದ್ದರೂ, ಆ ಬಜೆಟ್ಟಿನ ಹೊತ್ತಿಗೆ ಮಿತಿಗೂ ನಮಗೂ ನಡುವೆ ಉಳಿದದ್ದು ಕೂದಲೆಳೆಯಷ್ಟು ಜಾಗ. ಹೀಗಿರುವಾಗ ‘ಆರ್ಥಿಕ ಇಲಾಖೆಯ ಸಹಮತಿ’ ಎಂಬ ಮಾತಿನ ಹಿಂದೆ ಏನಿದೆ ಎಂಬುದನ್ನು ಸದನ ಬಿಡಿಸಿ ನೋಡಬೇಡವೇ? ಯಾವ ಇಲಾಖೆಯ ಯಾವ ಪ್ರಸ್ತಾವನೆ ಎಷ್ಟು ದಿನದಿಂದ ಅಲ್ಲಿ ಕುಳಿತಿದೆ, ಯಾವುದಕ್ಕೆ ಒಪ್ಪಿಗೆ ಸಿಕ್ಕಿತು, ಯಾವುದನ್ನು ಯಾವ ಷರಾ ಬರೆದು ಹಿಂದಕ್ಕೆ ಕಳುಹಿಸಲಾಯಿತು? ಈ ಪಟ್ಟಿಯನ್ನು ಕೇಳಲು ನಿಮಗೆ ಹಕ್ಕಿದೆ.

ಗ್ಯಾರಂಟಿಗಳೇ ಎಲ್ಲದಕ್ಕೂ ಕಾರಣ ಎಂದು ವಿರೋಧ ಪಕ್ಷದವರೂ, ಕೇಂದ್ರದ ಅನ್ಯಾಯವೇ ಎಲ್ಲದಕ್ಕೂ ಕಾರಣ ಎಂದು ಆಡಳಿತ ಪಕ್ಷದವರೂ ಹೇಳುವುದನ್ನು ಕೇಳಿ ಕೇಳಿ ಸಾಕಾಗಿದೆ. ಹದಿನೈದನೇ ಹಣಕಾಸು ಆಯೋಗದಲ್ಲಿ ನಮ್ಮ ತೆರಿಗೆ ಪಾಲು ಶೇ 4.713ರಿಂದ 3.647ಕ್ಕೆ ಇಳಿದದ್ದು ನಿಜ, ಆ ಆಯೋಗವೇ ಶಿಫಾರಸು ಮಾಡಿದ್ದ 5,495 ಕೋಟಿ ರೂಪಾಯಿಯ ವಿಶೇಷ ಅನುದಾನ ಬರಲಿಲ್ಲ ಎಂಬುದೂ ನಿಜ. ಬಸ್ಸಿನಲ್ಲಿ ಉಚಿತವಾಗಿ ಓಡಾಡುವ ನಮ್ಮೂರ ಹೆಣ್ಣುಮಕ್ಕಳು ಕಾಲೇಜು ಬಿಟ್ಟಿಲ್ಲ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಈ ಎರಡು ವಾದಗಳಲ್ಲಿ ಯಾವುದೂ ಒಂದು ನಿರ್ದಿಷ್ಟ ಕಡತ ಯಾಕೆ ನಿಂತಿದೆ ಎಂಬುದಕ್ಕೆ ಉತ್ತರವಲ್ಲ. ಇನ್ನೊಂದು ಮಾತು. ಹಣಕಾಸು ಖಾತೆಯನ್ನು ಮುಖ್ಯಮಂತ್ರಿಗಳೇ ಇಟ್ಟುಕೊಳ್ಳುವ ಪದ್ಧತಿ ನಮ್ಮಲ್ಲಿ ಪಕ್ಷಾತೀತವಾಗಿ ಬೇರೂರಿದೆ. ಕುಮಾರಸ್ವಾಮಿ, ಯಡಿಯೂರಪ್ಪ, ಬೊಮ್ಮಾಯಿ, ಸಿದ್ದರಾಮಯ್ಯ ಎಲ್ಲರೂ ತಮ್ಮ ಬಜೆಟ್ಟನ್ನು ತಾವೇ ಓದಿದವರು. ಮುಖ್ಯಮಂತ್ರಿಗೆ ಪ್ರಶ್ನೆ ಹಾಕುವುದು ಸ್ವಪಕ್ಷದ ಶಾಸಕರಿಗೆ ಇರಿಸುಮುರಿಸು ಎಂಬುದು ಅರ್ಥವಾಗುತ್ತದೆ. ಆದರೂ ಪ್ರಶ್ನೆ ಹೋಗಬೇಕಾದದ್ದು ಹಣಕಾಸು ಸಚಿವರಿಗೆ, ಪಕ್ಷದ ನಾಯಕರಿಗಲ್ಲ.

ಏಷ್ಯನ್ ಅಭಿವೃದ್ಧಿ ಬ್ಯಾಂಕಿನ (ಎಡಿಬಿ) ಸಾಲದ ನೆರವಿನಿಂದ 2,500 ಕೋಟಿ ರೂಪಾಯಿ ವೆಚ್ಚದಲ್ಲಿ 500 ಶಾಲೆಗಳನ್ನು ಕರ್ನಾಟಕ ಪಬ್ಲಿಕ್ ಶಾಲೆಗಳಾಗಿ ಮೇಲ್ದರ್ಜೆಗೇರಿಸುವ ಯೋಜನೆಯಲ್ಲಿ ಈ ಎರಡು ಖಾತೆಗಳು ಕೂಡುತ್ತವೆ. ಸುತ್ತಲಿನ ಚಿಕ್ಕ ಶಾಲೆಗಳು ಇದರಲ್ಲಿ ವಿಲೀನವಾಗುತ್ತವೆ ಎಂಬ ಆತಂಕದಿಂದ ಪ್ರತಿಭಟನೆಗಳಾದವು, ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂದು ಸರ್ಕಾರ ಹೇಳಿತು. ಆ ಹೇಳಿಕೆ ಸದನದೊಳಗೆ ಭರವಸೆಯಾಗಿ ದಾಖಲಾಗಿದೆಯೇ? ಸಾಲದ ಒಪ್ಪಂದದಲ್ಲಿರುವ ಷರತ್ತುಗಳು ಅದಕ್ಕೆ ಹೊಂದುತ್ತವೆಯೇ? ಒಪ್ಪಂದದ ಪ್ರತಿಯನ್ನು ಸದನದ ಮೇಲೆ ಇಡಲು ಹೇಳಿದರೆ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಈಗ ನಮ್ಮ ಊರಿನ ಕಡೆಗೆ ಬರುತ್ತೇನೆ, ಏಕೆಂದರೆ ಮೂರೂ ಖಾತೆಗಳು ಒಂದೇ ಕೋಣೆಯಲ್ಲಿ ಸೇರುವುದನ್ನು ನಾನು ಅಲ್ಲಿಯೇ ಕಂಡದ್ದು. ನಾನು ಪಾಠ ಮಾಡಿದ ಶಾಲೆ ಅದಿರು ಲಾರಿಗಳು ಓಡುವ ರಸ್ತೆಯ ಪಕ್ಕದಲ್ಲಿತ್ತು. ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ಡೆಸ್ಕಿನ ಮೇಲೆ ಕೈಯಾಡಿಸಿದರೆ ಬೆರಳಿಗೆ ಕೆಂಪು ಹತ್ತುತ್ತಿತ್ತು. ಹಾಜರಿ ಪುಸ್ತಕದ ಅಂಚು, ಕಿಟಕಿಯ ಸರಳು, ಮಕ್ಕಳ ಬಿಳಿ ಅಂಗಿಯ ಕಾಲರು, ಎಲ್ಲದಕ್ಕೂ ಅದೇ ಬಣ್ಣ. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ಗಣಿತದ ಹುದ್ದೆ ಖಾಲಿ ಇದ್ದ ವರ್ಷಗಳಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾದ ನಾನೇ ಬೀಜಗಣಿತ ಹೇಳಿಕೊಟ್ಟದ್ದೂ ಉಂಟು, ಅದರ ಫಲಿತಾಂಶ ಹೇಗಿತ್ತು ಎಂದು ಆ ಮಕ್ಕಳನ್ನು ಕೇಳಬೇಡಿ.

ಆ ಧೂಳಿಗೂ ಹಣಕ್ಕೂ ಇರುವ ನಂಟು ನಿಮಗೆ ತಿಳಿದದ್ದೇ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅತಿ ಹೆಚ್ಚು ಅಕ್ರಮ ನಡೆದ ‘ಸಿ’ ವರ್ಗದ ಗುತ್ತಿಗೆಗಳು ರದ್ದಾದವು, ಉಳಿದವರು ಅದಿರು ಮಾರಿದ ಹಣದಲ್ಲಿ ಒಂದು ಪಾಲನ್ನು ಹಾಳಾದ ಪ್ರದೇಶದ ಪುನಶ್ಚೇತನಕ್ಕೆ ಕಟ್ಟಬೇಕಾಯಿತು. ಆ ಹಣವನ್ನು ನೋಡಿಕೊಳ್ಳಲು ಹುಟ್ಟಿದ್ದೇ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗಾಗಿ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಹಸಿರು ನಿಶಾನೆ ತೋರಿತು. ಇದಲ್ಲದೆ ಗಣಿ ಕಾಯ್ದೆಯ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನವೂ ಇದೆ. ಹಳೆಯ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನೂ ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನೂ ಅದಕ್ಕೆ ಕಟ್ಟುತ್ತಾರೆ. ಗಣಿಬಾಧಿತ ಹಳ್ಳಿಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರಕ್ಕೆಂದೇ ಇರುವ ಹಣವಿದು. ಗಮನಿಸಿ, ಇದನ್ನು ಶಾಲಾ ಕೊಠಡಿಗಳಿಗೆ ಮಾತ್ರ ಬಳಸಬೇಕೆಂದಿಲ್ಲ. ಈ ಹಣದ ಬಳಕೆಗೆಂದು ಇರುವ ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಲ್ಲಿ ಶಿಕ್ಷಣದ ಬಾಬಿನಲ್ಲಿ ಶಿಕ್ಷಕರನ್ನು ತೊಡಗಿಸಿಕೊಳ್ಳುವುದಕ್ಕೂ ಅವಕಾಶವಿದೆ.

ಹಾಗಾದರೆ ರಾಜ್ಯದ ಬೊಕ್ಕಸ ಬಿಗಿಯಾಗಿದೆ ಎಂಬ ಕಾರಣ ಕನಿಷ್ಠ ಈ ನಾಲ್ಕು ಜಿಲ್ಲೆಗಳಿಗೆ ಹೊಂದುವುದಿಲ್ಲ. ಕೊಠಡಿ ಕಟ್ಟುವುದಕ್ಕೆ ಗುತ್ತಿಗೆದಾರರಿರುತ್ತಾರೆ, ಉದ್ಘಾಟನೆಗೆ ನೀವಿರುತ್ತೀರಿ. ಗಣಿತದ ಶಿಕ್ಷಕನನ್ನು ಉದ್ಘಾಟಿಸಲು ಬರುವುದಿಲ್ಲ ಎಂಬುದೊಂದೇ ತೊಂದರೆ ಇರಬಹುದು. ಪ್ರತಿಷ್ಠಾನದ ಆಡಳಿತ ಮಂಡಳಿಯಲ್ಲಿ ಜಿಲ್ಲೆಯ ಶಾಸಕರೂ ಸದಸ್ಯರು. ಅಂದರೆ ಸದನದಲ್ಲಿ ‘ನಿಧಿ ಬಳಕೆಯಾಗಿಲ್ಲ ಏಕೆ?’ ಎಂದು ಕೇಳುವ ಶಾಸಕರಿಗೆ ಸಚಿವರು ‘ನೀವೂ ಆ ಸಭೆಯಲ್ಲಿದ್ದಿರಲ್ಲ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆ ಸಭೆಯ ನಡಾವಳಿಯನ್ನು ಓದಿಕೊಂಡೇ ಸದನಕ್ಕೆ ಹೋಗಿ.

2024ರ ಜೂನ್‌ನಲ್ಲಿ ಸಂಡೂರಿನ ಸ್ವಾಮಿಮಲೈ ಅರಣ್ಯದ ದೇವದಾರಿ ಗಣಿಯ ಕಡತ ದೊಡ್ಡ ಸುದ್ದಿಯಾಯಿತು. ಸುಮಾರು 400 ಹೆಕ್ಟೇರ್ ಕಾಡು, ತೊಂಬತ್ತೊಂಬತ್ತು ಸಾವಿರದಷ್ಟು ಮರ; ಕೇಂದ್ರದ ಉಕ್ಕು ಸಚಿವರು ಅನುಮೋದಿಸಿದರೆ, ರಾಜ್ಯದ ಅರಣ್ಯ ಸಚಿವರು ಭೂಮಿ ಹಸ್ತಾಂತರ ಬೇಡ ಎಂದರು. ಈ ಗಣಿ ಪಡೆದ ಕಂಪನಿಯಿಂದ ಕುದುರೆಮುಖದಲ್ಲಿ ಹಿಂದೆ ಆದ ಉಲ್ಲಂಘನೆಗಳಿಗೆ ಸಂಬಂಧಿಸಿದ ಷರತ್ತುಗಳು ಪಾಲನೆಯಾಗಿಲ್ಲ ಎಂಬುದು ರಾಜ್ಯದ ವಾದವಾಗಿತ್ತು. ಇಬ್ಬರು ನಾಯಕರ ಹಗೆಯ ಕತೆಯಾಗಿ ಅದು ಕೆಲವು ವಾರ ಓಡಿತು. ಮರ ಕಡಿಯಬಾರದು ಎಂದು ಹೇಳಿದ ರಾಜ್ಯ ಸರ್ಕಾರ ಅದೇ ಗುಡ್ಡಸಾಲಿನ ಉಳಿದ ಗಣಿಗಳ ಬಗ್ಗೆ ಯಾವ ನಿಲುವು ತಳೆದಿದೆ ಎಂಬುದು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ.

ಪಕ್ಕದ ಕೊಪ್ಪಳದಲ್ಲಿ ಊರಿಗೆ ಅಂಟಿಕೊಂಡೇ ಬರಲಿದ್ದ ಉಕ್ಕಿನ ಕಾರ್ಖಾನೆಯ ವಿಸ್ತರಣೆಯ ವಿರುದ್ಧ 2025ರ ಫೆಬ್ರುವರಿ 24ರಂದು ಗವಿಮಠದ ಸ್ವಾಮೀಜಿಯವರ ನೇತೃತ್ವದಲ್ಲಿ ಜನ ಬೀದಿಗಿಳಿದರು, ಮಾರ್ಚ್‌ನಲ್ಲಿ ಮುಖ್ಯಮಂತ್ರಿಗಳು ಕೆಲಸ ನಿಲ್ಲಿಸಲು ಮೌಖಿಕವಾಗಿ ಸೂಚಿಸಿದರು. ಆ ಸೂಚನೆಗೆ ಕಾನೂನಿನ ಬಲ ಎಷ್ಟು? ಶರಾವತಿ ಕಣಿವೆಯ 2,000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲೆತ್ತಿಟ್ಟು ಬೇಕಾದಾಗ ಕೆಳಗೆ ಹರಿಸಿ ವಿದ್ಯುತ್ ತೆಗೆಯುವ) ಯೋಜನೆಯ ಸಂಗತಿಯೂ ಅಷ್ಟೇ: ಸಿಂಗಳೀಕಗಳ ಅಭಯಾರಣ್ಯದೊಳಗೆ ಬರುವ ಯೋಜನೆಗೆ ಅರಣ್ಯ ಸಚಿವರು ಉತ್ತರಿಸಬೇಕೋ, ಇಂಧನ ಸಚಿವರೋ? ನೀರನ್ನು ಮೇಲೆತ್ತಲು ಬೇಕಾಗುವ ವಿದ್ಯುತ್ತು ಅದು ಕೆಳಗೆ ಬರುವಾಗ ಸಿಗುವುದಕ್ಕಿಂತ ಹೆಚ್ಚಾಗಿರುವಾಗ ಲೆಕ್ಕ ಹೊಂದುವುದು ಹೇಗೆ ಎಂಬುದನ್ನು ಹಣಕಾಸು ಸಚಿವರೂ ಹೇಳಬೇಕಲ್ಲವೇ? ಬೆಂಗಳೂರಿನ ಬೆಳ್ಳಂದೂರು ಕೆರೆಯ ವಿಷಯದಲ್ಲಿ 2018ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯಕ್ಕೆ 50 ಕೋಟಿ ರೂಪಾಯಿ ದಂಡ ಹಾಕಿ, 500 ಕೋಟಿಯನ್ನು ಪ್ರತ್ಯೇಕ ಖಾತೆಯಲ್ಲಿ ಇಡಲು ಹೇಳಿತ್ತು. ಅಷ್ಟೆಲ್ಲ ಆದಮೇಲೂ 2025ರ ಆಗಸ್ಟ್‌ನಲ್ಲಿ, ಎಲ್ಲ ಕೆರೆಗಳಿಗೂ ಇದ್ದ 30 ಮೀಟರ್ ಮೀಸಲು ಅಂಚನ್ನು ಕೆರೆ ಚಿಕ್ಕದಾದಷ್ಟೂ ಕಡಿತಗೊಳಿಸುವ ತಿದ್ದುಪಡಿ ಮಸೂದೆಗೆ ನೀವು ಒಪ್ಪಿಗೆ ಕೊಟ್ಟಿರಿ. ಚಿಕ್ಕ ಕೆರೆಗೇ ಹೆಚ್ಚು ರಕ್ಷಣೆ ಬೇಕು ಎಂಬುದು ಯಾವ ಹಳ್ಳಿಯ ರೈತನಿಗಾದರೂ ಗೊತ್ತಿರುವ ವಿಷಯ.

ಇಷ್ಟೆಲ್ಲ ಕೇಳಲು ಸಮಯವೆಲ್ಲಿ ಎಂದು ನೀವು ಹೇಳಬಹುದು. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕು ಎಂಬ ಕಾಯ್ದೆಯನ್ನು 2005ರಲ್ಲಿ ಮಾಡಿದ್ದು ನಿಮ್ಮದೇ ಸದನ. 2021ರಲ್ಲಿಯಾಗಲಿ 2022ರಲ್ಲಿಯಾಗಲಿ ಆ ಗುರಿ ಮುಟ್ಟಲಿಲ್ಲ. ಅಧಿವೇಶನದ ದಿನಗಳನ್ನು ಸರ್ಕಾರ ಮೊಟಕು ಮಾಡಿದರೆ ಪ್ರತಿಪಕ್ಷ ಸಿಟ್ಟಾಗಬೇಕು, ಆದರೆ ಧರಣಿ ಕುಳಿತು ಪ್ರಶ್ನೋತ್ತರ ವೇಳೆಯನ್ನು ಕಳೆಯುವುದು ಸರ್ಕಾರಕ್ಕೆ ಮಾಡುವ ಉಪಕಾರವೇ. ಉತ್ತರ ಕೊಡಬೇಕಾದ ಸಚಿವರಿಗೆ ಅಂಥ ದಿನದಷ್ಟು ಹಗುರವಾದ ದಿನ ಇನ್ನೊಂದಿರಲಾರದು.

ನಿಮ್ಮಿಂದ ಆಗಬೇಕಾದ ಕೆಲಸ ಕಷ್ಟದ್ದಲ್ಲ. ಒಂದು ವಿಷಯವನ್ನು ಆರಿಸಿಕೊಂಡು ಅದೇ ಪ್ರಶ್ನೆಯನ್ನು ಶಿಕ್ಷಣ, ಹಣಕಾಸು, ಅರಣ್ಯ ಮತ್ತು ಪರಿಸರ, ಈ ಮೂರೂ ಖಾತೆಗಳಿಗೆ ಒಂದೇ ಅಧಿವೇಶನದಲ್ಲಿ ಕೇಳಿ. ಮೂವರು ಸದಸ್ಯರು ಹಂಚಿಕೊಂಡರೆ ಇನ್ನೂ ಸುಲಭ. ಸದನದಲ್ಲೇ ಬಾಯಿಮಾತಿನ ಉತ್ತರ ಬರುವ ಚುಕ್ಕೆ ಗುರುತಿನ ಪ್ರಶ್ನೆಯಾಗಿಯೇ ಕೊಡಿ, ಇಲ್ಲವಾದರೆ ಉಪಪ್ರಶ್ನೆಗೆ ಅವಕಾಶವಿಲ್ಲ. ‘ಗಮನಕ್ಕೆ ಬಂದಿದೆಯೇ’ ಎಂದು ಶುರು ಮಾಡಬೇಡಿ, ದಿನಾಂಕ ಮತ್ತು ಕಡತದ ಸ್ಥಿತಿಯನ್ನು ಕೇಳಿ. ಸಚಿವರು ‘ಮಾಡಲಾಗುವುದು’ ಎಂದ ಪ್ರತಿ ಮಾತನ್ನೂ ಸರ್ಕಾರಿ ಭರವಸೆಗಳ ಸಮಿತಿಯವರೆಗೆ ಹಿಂಬಾಲಿಸಿ. ಆ ಸಮಿತಿಯ ವರದಿ ಮಂಡನೆಯಾದ ದಿನ ಅದರ ಮೇಲೆ ಚರ್ಚೆಗೆ ಒತ್ತಾಯಿಸಿ. ಸಭಾಧ್ಯಕ್ಷರೂ ಸಭಾಪತಿಗಳೂ ಅದಕ್ಕೆ ಅರ್ಧ ಗಂಟೆ ಕೊಡದಿರುವಷ್ಟು ಕಠಿಣರಲ್ಲ.

ನಮ್ಮ ಭಾಗದ ಸದಸ್ಯರ ಅನುಕೂಲಕ್ಕಾಗಿ ಒಂದು ಪ್ರಶ್ನೆಯನ್ನು ಇಲ್ಲಿಯೇ ಬರೆದು ಕೊಡುತ್ತೇನೆ, ಬೇಕಾದಂತೆ ತಿದ್ದಿಕೊಳ್ಳಿ. ಶಿಕ್ಷಣ ಸಚಿವರಿಗೆ: ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಗ್ರಾಮಗಳಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ 26ನೇ ಸೆಕ್ಷನ್ನಿನ ಶೇ 10ರ ಮಿತಿಯನ್ನು ಮೀರಿ ಹುದ್ದೆ ಖಾಲಿ ಇರುವ ಸರ್ಕಾರಿ ಶಾಲೆಗಳು ಯಾವುವು, ಅವುಗಳಲ್ಲಿ ಶಿಕ್ಷಕರನ್ನು ತೊಡಗಿಸಿಕೊಳ್ಳಲು ಖನಿಜ ಪ್ರತಿಷ್ಠಾನದ ಹಣ ಕೋರಿ ಇಲಾಖೆ ಯಾವ ದಿನಾಂಕದಂದು ಪ್ರಸ್ತಾವನೆ ಕಳುಹಿಸಿದೆ? ಹಣಕಾಸು ಸಚಿವರಿಗೆ: ಆ ಪ್ರಸ್ತಾವನೆಗಳು ಆರ್ಥಿಕ ಇಲಾಖೆಗೆ ಬಂದಿದ್ದರೆ ಅವುಗಳ ಮೇಲೆ ಬರೆದ ಅಭಿಪ್ರಾಯವೇನು, ಪ್ರತಿಷ್ಠಾನ ಮತ್ತು ಪುನಶ್ಚೇತನ ನಿಗಮದ ಖಾತೆಗಳಲ್ಲಿ ಈ ದಿನ ಠೇವಣಿಯಾಗಿ ಉಳಿದಿರುವ ಮೊತ್ತ ಎಷ್ಟು, ಬಂದ ಬಡ್ಡಿ ಎಷ್ಟು? ಅರಣ್ಯ ಮತ್ತು ಪರಿಸರ ಸಚಿವರಿಗೆ: ಅದೇ ಗ್ರಾಮಗಳ ಶಾಲೆಗಳ ಆವರಣದಲ್ಲಿ ಗಾಳಿಯ ಧೂಳಿನ ಪ್ರಮಾಣವನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಕೊನೆಯ ಬಾರಿ ಅಳೆದದ್ದು ಯಾವಾಗ, ತಿಂಗಳುವಾರು ಅಂಕಿಅಂಶಗಳನ್ನು ಸದನದ ಮೇಲೆ ಇಡುವಿರಾ? ಮೂರು ಉತ್ತರಗಳೂ ಬಂದ ಮೇಲೆ ಒಂದರ ಪಕ್ಕ ಒಂದಿಟ್ಟು ಓದಿ, ಹೊಂದದ ಕಡೆ ಉಪಪ್ರಶ್ನೆ ಕೇಳಿ. ಉತ್ತರದ ಪ್ರತಿಗಳನ್ನು ಆಯಾ ಗ್ರಾಮ ಪಂಚಾಯಿತಿಯ ಸೂಚನಾ ಫಲಕಕ್ಕೂ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೂ (ಎಸ್‌ಡಿಎಂಸಿ) ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕ,
ಸಂಡೂರು ತಾಲ್ಲೂಕು